ಹಾಜರಿ ಹೇಳಿದ ದನಿ

“ಹಾಜರ್ ಅಂತ ಬಂದದೆ ಅಲ್ಲ ಅಕ್ಕೋರೆ, ಹಂಗಾರೆ ಕರೀರಿ. ಒಂದ್ಸಲ ಮುಖ ನೋಡ್ಕಂಡು ಹೋಗ್ತೆ.”

ಸೋಮಿ ತನ್ನ ಮೊಬೈಲನ್ನು ಕೌಂಟರಿನ ಗಾಜಿನ ಮೇಲಿಟ್ಟು ಮಾಲತಿಯ ಕಡೆಗೆ ದೂಡಿದಳು. ಹೊನ್ನಾವರದ ಮೀನುಪೇಟೆಯಿಂದ ನೇರ ಬಂದವಳು. ಖಾಲಿ ಬುಟ್ಟಿ ಮೆಟ್ಟಿಲ ಬುಡದಲ್ಲಿತ್ತು, ಕೈಯ ಒದ್ದೆ ಮೊಬೈಲಿನ ಪರದೆಯ ಮೇಲಿತ್ತು.

ಮಾಲತಿ ಓದಿದಳು. ‘ಅಳಿವೆ ಟ್ಯುಟೋರಿಯಲ್ಸ್, ಹೊನ್ನಾವರ. ನಿಮ್ಮ ಪಾಲ್ಯ ಸುಚಿತಾ ಖಾರ್ವಿ ಇಂದಿನ ತರಗತಿಗೆ ಹಾಜರಿದ್ದಾರೆ.’

ಇದು ಈ ಬೆಳಗಿನದು. ಅದರ ಮೇಲೆ ನಿನ್ನೆಯದು, ಅದರ ಮೇಲೆ ಮೊನ್ನೆಯದು. ಬೆರಳು ತಳ್ಳಿದಷ್ಟೂ ಹಾಜರಿ. ಪಾಲ್ಯ ಎಂಬ ಪದವನ್ನು ಸೋಮಿ ಮೊದಲ ದಿನದಿಂದ ಪಲ್ಯ ಎಂದೇ ಓದಿಕೊಂಡು, ಮಗಳನ್ನು ಪಲ್ಯ ಎಂದೇ ಕರೆದು ನಗಿಸುತ್ತಿದ್ದಳಂತೆ. ಇಂದು ನಗುವ ಸ್ಥಿತಿಯಲ್ಲಿರಲಿಲ್ಲ.

“ನಾಕು ದಿನ ಕುಮಟಾದಲ್ಲಿ ಮಾವನ ಮನೇಲಿ ಇದ್ದು ಓದ್ತೆ, ಟ್ಯೂಷನ್ನಿಗೆ ಅಲ್ಲಿಂದಲೇ ಬತ್ತೆ ಅಂತ ಆದಿತ್ಯವಾರ ಮಂಕಿಯಿಂದ ಹೊಂಟ್ಲು. ಇವತ್ತು ಪೇಟೇಲಿ ಅವಳ ಆ ಮಾವನೇ, ನಮ್ಮ ಅಣ್ಣಪ್ಪ ಸಿಕ್ಕಿದ. ನಾ ಬಾಯಿ ಬಿಡುಕಿಂತ ಮುಂಚೆ ಅಂವನೇ ಕೇಳ್ತಾನೆ, ‘ಸುಚಿತಾ ಹೆಂಗಿದ್ಲೆ? ನಮ್ಮನೆ ಬದಿಗೆ ಬರದೇ ಬಾಳ ದಿವಸ ಆತು’ ಅಂತ. ಬಂಗಡೆ ಕೈಯಿಂದ ಜಾರಿ ಬಿತ್ತು ನಂಗೆ.”

“ಫೋನ್ ಮಾಡಿದ್ರಾ?”

“ಹತ್ತುದಿಲ್ಲ. ನಿನ್ನೆ ಮಧ್ಯಾಹ್ನ ಮಾತಾಡಿದ್ಲು. ‘ಊಟ ಆತನೇ?’ ಕೇಳಿದೆ. ‘ಆತು’ ಅಂದ್ಲು. ಎಲ್ಲಿ ಊಟ ಅಂತ ನಾ ಕೇಳ್ಲಿಲ್ಲ. ಯಾಕೆ ಕೇಳುದು? ನಿಮ್ಮ ಮೆಸೇಜು ಬಂದದೆ ಅಲ್ಲ.”

ಆ ‘ನಿಮ್ಮ’ ಎಂಬ ಮಾತಿಗೆ ಮಾಲತಿ ಮೆಸೇಜನ್ನು ಇನ್ನೊಮ್ಮೆ ಓದಿದಳು.

ಬೆಳಗಿನ ತರಗತಿ ಮುಗಿದು ಹುಡುಗರು ದಡದಡ ಇಳಿದು ಹೋಗಿ ತುಸು ಹೊತ್ತಾಗಿತ್ತು. ಮಾಲತಿ ಸುಚಿತಾಳ ಮುಖ ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಅದರಲ್ಲಿ ಆಶ್ಚರ್ಯವೂ ಇರಲಿಲ್ಲ. ಈ ಟ್ಯೂಷನ್ನಿನಲ್ಲಿ ಅವಳ ಕೆಲಸ, ತರಗತಿಗೆ ಬಾರದ ಮಕ್ಕಳನ್ನು ವಿಚಾರಿಸುವುದು. ಯಾರು ತಪ್ಪಿಸಿಕೊಂಡರು, ಯಾಕೆ, ಜ್ವರವೋ ಸಿನೆಮಾವೋ, ಮನೆಗೆ ಫೋನು, ಬೇಕಾದರೆ ಸ್ಕೂಟಿ ಹತ್ತಿ ಮನೆಗೇ ಭೇಟಿ. ಮಕ್ಕಳು ಇಟ್ಟ ಹೆಸರು ಗೈರಕ್ಕೋರು. ಸತ್ತ ಅಜ್ಜಿಯನ್ನು ಎರಡನೇ ಸಲ ಸಾಯಿಸಿದವರನ್ನು ಹಿಡಿದದ್ದು ಅವಳೇ. ಆದರೆ ಅವಳ ಮೇಜಿಗೆ ಬರುವುದು ಬಾರದವರ ಹೆಸರು ಮಾತ್ರ. ಒಮ್ಮೆಯೂ ಗೈರಾಗದ ಹುಡುಗಿಯ ಮುಖ ಗೈರಕ್ಕೋರಿಗೆ ಹೇಗೆ ಗೊತ್ತಿರಬೇಕು?

ತಪ್ಪಿಸಿಕೊಳ್ಳುವುದಕ್ಕೆ ಅತಿ ಸುರಕ್ಷಿತ ಜಾಗ ಹಾಜರಿಯೇ ಎಂದು ಅವಳಿಗೆ ಆಗ ಹೊಳೆಯಿತು.

“ಎಂತ ಗಲಾಟೆ?” ಎನ್ನುತ್ತ ಒಳಕೋಣೆಯಿಂದ ನಾಗಪತಿ ಮಾಸ್ತರು ಬಂದರು.

ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಕಡೆಯ ಶಾಖೆಗಳಿಗೆ ಇವರೇ ಯಜಮಾನರು. ಅಳಿವೆ ಎಂಬ ಹೆಸರು ಶರಾವತಿ ಕಡಲು ಸೇರುವ ಜಾಗದ ಗೌರವಕ್ಕೆ ಇಟ್ಟದ್ದು. ಫೇಲಾದವರು ಬೋರ್ಡನ್ನು ‘ಅಳುವೆ’ ಎಂದು ಓದುತ್ತಾರೆ. ಮಾಸ್ತರ ಪಾಠದಲ್ಲಿ ಅರ್ಥಕ್ಕಿಂತ ಅರ್ಥಾತ್ ಜಾಸ್ತಿ ಎಂಬ ಮಾತೂ ಇದೆ.

“ಮಷೀನು ಸುಳ್ಳು ಹೇಳುದಿಲ್ಲ ಸೋಮಿ. ಅರ್ಥಾತ್, ಒತ್ತದೇ ಇದ್ರೆ ಅದು ಮಾತೇ ಆಡುದಿಲ್ಲ. ಅರ್ಥಾತ್, ಒಳಗೆ ಮಾಸ್ತರು ಹಾಜರಿ ಒತ್ತಿದ್ರೆ ಮಾತ್ರ ಹೊರಗೆ ಮೆಸೇಜು.”

“ಅದರ ಅರ್ಥ ಎಂತ?”

“ಅರ್ಥಾತ್… ಹುಡುಗಿ ಬಂದದೆ.”

“ಬಂದ್ರೆ ಕೊಡಿ.”

ಸೋಮಿ ಸೆರಗಿನಿಂದ ಕೈ ಒರೆಸಿಕೊಂಡಳು. “ನಮ್ಮನೆಯವರು ಬೋಟಿಗೆ ಹೋಗಿದ್ರು, ಬರುದು ಇನ್ನೂ ತಡ. ನಾ ಸ್ಟೇಷನ್ನಿಗೆ ಹೋಗ್ತೆ. ಈ ಮೆಸೇಜೇ ತೋರಿಸ್ತೆ.”

ಸ್ಟೇಷನ್ ಎಂದದ್ದೇ ಮಾಸ್ತರ ಮುಖ ಬೋರ್ಡು ಒರೆಸುವ ಬಟ್ಟೆಯ ಬಣ್ಣಕ್ಕೆ ಬಂತು. ಮಾಲತಿ ಕೌಂಟರ್ ದಾಟಿ ಹೊರಬಂದಳು.

“ಹೋಗಿ ಸೋಮಕ್ಕ. ಹೋಗಲೇಬೇಕು. ಆದ್ರೆ ಅಲ್ಲಿ ಮೊದಲು ಕೇಳುದು, ಕಡೇ ಸಲ ಕಂಡವರು ಯಾರು ಅಂತ. ಈಗ ಹೋದ್ರೆ ನಮ್ಮ ಹತ್ರ ಉತ್ತರ ಇಲ್ಲ. ಸ್ವಲ್ಪ ಹೊತ್ತು ಕೊಡಿ, ಉತ್ತರ ತಕಂಡೇ ಬತ್ತೆ. ನಾನೂ ನಿಮ್ಮ ಸಂಗ್ತಿಗೆ ಸ್ಟೇಷನ್ನಿಗೆ ಬತ್ತೆ.”

ಸೋಮಿ ಅವಳ ಮುಖವನ್ನು ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನೋಡಿದಳು, ತಾಜಾವೋ ಅಲ್ಲವೋ ಎಂದು. ಆಮೇಲೆ ಮೆಟ್ಟಿಲಿಗೆ ಹೋಗಿ ಕೂತಳು. ಮಾಸ್ತರು ಅವಳಿಗೆ ಚಾ ತರಿಸಲು ಕೆಳಗಿಳಿದರು.

*

ಬೆಳಗಿನ ತರಗತಿಯ ಹಾಜರಿ ತೆಗೆಯುವವರು ಶಿವಲಿಂಗ ಸರ್. ಗದಗದವರು, ಗಣಿತಕ್ಕೆ ಬಂದು ಇನ್ನೂ ಹೊಸತು. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಉದುರಿಸುತ್ತಿದ್ದರು.

“ಸುಚಿತಾ ಖಾರ್ವಿ ಬಂದಿದ್ಲಾ ಸರ್ ಇವತ್ತು?”

“ಬಂದಾಳ್ರೀ. ದಿನಾ ಬರ್ತಾಳ. ನಮ್ಮ ಬ್ಯಾಚಿನಾಗ ಆಕಿಯಷ್ಟು ರೆಗ್ಯುಲರ್ ಯಾರೂ ಇಲ್ಲ.”

“ಹೇಗಿದ್ದಾಳೆ ಅವಳು ನೋಡೋಕೆ?”

ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. “ಹೆಂಗಿದ್ದಾಳ ಅಂದ್ರ?”

“ಕಪ್ಪಾ ಬಿಳಿಯಾ, ಎರಡು ಜಡೆಯಾ ಒಂದಾ, ಕನ್ನಡಕ ಉಂಟಾ?”

“ಏನ್ ಮೇಡಂ ನೀವು. ಹೆಣ್ಣುಹುಡುಗ್ಯಾರ ಮಾರಿ ನೋಡಿಕೋತ ಹಾಜರಿ ತೊಗೊಂಡ್ರ ಮಂದಿ ಏನಂದಾರು? ನಾ ಬೋರ್ಡಿಗೆ ಲೆಕ್ಕ ಬರೀತಿರ್ತೀನಿ, ಹಂಗ ಹೆಸರ ಕರೀತಿರ್ತೀನಿ. ದನಿ ಬಂತು ಅಂದ್ರ ಹಾಜರಿ. ಕಡೀಕ ಟ್ಯಾಬಿನಾಗ ಒತ್ತತೀನಿ. ಟೈಮ್ ಉಳೀತದ.”

“ಅಂದ್ರೆ ಮಾರಿ ನೋಡಿಲ್ಲ. ದನಿ ಕೇಳೀರಿ.”

“ದಿನಾ ಕೇಳೇನಿ. ಉಳಿದಾವೆಲ್ಲಾ ‘ಎಸ್ ಸರ್’, ‘ಪ್ರೆಸೆಂಟ್ ಸರ್’ ಅಂತಾವ. ಈಕಿ ಒಬ್ಬಾಕಿನ ನೋಡ್ರಿ ಅಚ್ಚ ಕನ್ನಡದಾಗ ಹೇಳಾಕಿ. ಸುಚಿತಾ ಖಾರ್ವಿ ಅಂದ್ರ ‘ಇಲ್ಲೇ’ ಅಂತಾಳ. ಇಲ್ಲೇ ಅದೀನ್ರಿ ಸರ್ ಅಂತ. ನಮ್ಮ ಕಡೆ ಮಕ್ಕಳು ಹೇಳಿದಂಗ ಅನಸ್ತದ. ಭಾಳ ಖುಷಿ ಆಗ್ತದ ನನಗ.”

“ಅವಳು ಹಾಗೆ ಹೇಳಿದಾಗ ಕ್ಲಾಸು ಸುಮ್ಮನೆ ಇರ್ತದಾ?”

“ಹಿಂದಿನ ಬೆಂಚಿನಾಗ ಕಿಸಿಕಿಸಿ ನಗ್ತಾವ. ಕನ್ನಡ ಮಾತಾಡಿದ್ರ ನಗೂದು ಈಗಿನ ಹುಡುಗರ ಚಾಳಿ ಅಂತ ಬಿಟ್ಟೇನಿ.”

ಮಾಲತಿ ಕುರ್ಚಿ ಎಳೆದು ಅವರ ಎದುರು ಕೂತಳು. ಕಣ್ಣಲ್ಲಿ ಹಳೆಯ ತುಂಟತನ ಬಂದಿತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ರಜೆ ಘೋಷಿಸಿ, ಅರ್ಧ ಕಾಲೇಜು ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ ಸಿಕ್ಕಿಬಿದ್ದವಳು.

“ಸರ್, ಕಣ್ಣು ಮುಚ್ಚಿ. ರೊಟ್ಟಿ ತಿನ್ತಾ ಇರಿ. ನಾನು ಒಂದೊಂದೇ ಹುಡುಗಿಯ ದನಿಯಲ್ಲಿ ‘ಇಲ್ಲೇ’ ಅಂತ ಹೇಳ್ತೆ. ಸುಚಿತಾ ಬಂದ ಕೂಡಲೇ ಹೇಳಿ.”

“ಇದೇನ್ರೀ, ಪೊಲೀಸರು ಕಳ್ಳರ್ನ ಸಾಲಾಗಿ ನಿಲ್ಲಸಿದಂಗ.”

“ಹೌದು. ಕಳ್ಳರಿಲ್ಲ, ಬರೀ ದನಿಗಳು. ಮುಚ್ಚಿ ಕಣ್ಣು.”

ಮೊದಲು ಬಂದದ್ದು ಮೊದಲ ಬೆಂಚಿನ ಡಾಕ್ಟರ ಮಗಳು. ಮೂಗಿನಿಂದ ಹೊರಟು ಮೂಗಿಗೇ ಮರಳುವ ದನಿ. “ಇಲ್ಲೇ.”

“ಅಲ್ಲ.”

ಆಮೇಲೆ ಕಾಸರಕೋಡಿನ ಒಬ್ಬಳು, ದೋಣಿಯಿಂದ ದೋಣಿಗೆ ಕೂಗುವ ಹಾಗೆ. “ಇಲ್ಲೇ.”

“ಕಿವಿ ಹೋತು. ಅಲ್ಲ.”

ಆಮೇಲೆ ಯಾವಾಗಲೂ ನಿದ್ದೆಯಲ್ಲಿರುವ ಕರ್ಕಿಯ ಹುಡುಗಿ. ಆಮೇಲೆ ಪ್ರತಿ ಮಾತನ್ನೂ ಪ್ರಶ್ನೆಯ ಹಾಗೆ ಎತ್ತಿ ಬಿಡುವ ಪೇಟೆಯವಳು. ಶಿವಲಿಂಗ ಸರ್ ಕಣ್ಣು ಮುಚ್ಚಿಯೇ ತಲೆ ಅಲ್ಲಾಡಿಸುತ್ತಿದ್ದರು, ರೊಟ್ಟಿ ಖಾಲಿಯಾಗುತ್ತಿತ್ತು.

ಉಳಿದದ್ದು ಸಂತೆಗುಳಿಯ ಪ್ರಿಯಾ ಭಟ್ಟ. ಮೆತ್ತಗಿನ, ಸ್ವಲ್ಪ ಓಡುವ ದನಿ. ಮಾಲತಿ ಉಸಿರು ತೆಗೆದುಕೊಂಡು ಆ ಹುಡುಗಿಯ ಹಾಗೆ ಕತ್ತು ಓರೆ ಮಾಡಿದಳು.

“ಇಲ್ಲೆ.”

“ಹಾಂ, ಈಕಿನ.” ಶಿವಲಿಂಗ ಸರ್ ಕಣ್ಣು ಬಿಟ್ಟರು. “ಥೇಟ್ ಇದ. ಸುಚಿತಾ.”

ಮಾಲತಿ ಅಲುಗಾಡಲಿಲ್ಲ. ತನ್ನದೇ ನಾಲಿಗೆ ಮಾಡಿದ ಕೆಲಸವನ್ನು ತಾನೇ ಕೇಳಿಸಿಕೊಳ್ಳುತ್ತಿದ್ದಳು. ಉಳಿದ ಎಲ್ಲರ ಬಾಯಲ್ಲೂ ಉದ್ದಕ್ಕೆ ಬಂದ ‘ಇಲ್ಲೇ’, ಪ್ರಿಯಾಳ ದನಿ ಹಾಕಿದ ಕೂಡಲೇ ತಾನಾಗಿ ಗಿಡ್ಡವಾಗಿತ್ತು. ಬೇಕೆಂದು ಮಾಡಿದ್ದಲ್ಲ. ಆ ದನಿಯ ಜೊತೆ ಆ ಮನೆಯ ಮಾತೂ ಬಂದುಬಿಟ್ಟಿತ್ತು.

“ಸರ್, ಇನ್ನೊಂದ್ಸಲ ಕೇಳಿ. ಅವಳು ‘ಇಲ್ಲೇ’ ಅಂತಾಳಾ, ‘ಇಲ್ಲೆ’ ಅಂತಾಳಾ?”

“ಎರಡೂ ಒಂದ ಅಲ್ಲೇನ್ರೀ?”

“ನಿಮ್ಮ ಗದಗದಲ್ಲಿ ಒಂದೇ. ಸಂತೆಗುಳಿಯ ಭಟ್ಟರ ಮನೆಯಲ್ಲಿ ‘ಅಪ್ಪ ಇದ್ದನಾ?’ ಅಂತ ಕೇಳಿದ್ರೆ ‘ಇಲ್ಲೆ’ ಅಂತಾರೆ. ಅಂದ್ರೆ ಏನು ಗೊತ್ತುಂಟಾ?”

“ಇಲ್ಲೇ ಅದಾರ ಅಂತ.”

“ಅಲ್ಲ. ಇಲ್ಲ ಅಂತ.”

ಶಿವಲಿಂಗ ಸರ್ ಡಬ್ಬಿಯ ಮುಚ್ಚಳವನ್ನು ನಿಧಾನ ಮುಚ್ಚಿದರು. ಚಟ್ನಿ ಹೊರಗೇ ಉಳಿಯಿತು. “ಅಂದ್ರ… ಆ ಹುಡುಗಿ ದಿನಾ ನನಗ ಸುಚಿತಾ ಬಂದಿಲ್ಲ ಅಂತ ಹೇಳತಿದ್ಲು?”

“ದಿನಾ.”

“ನಾ ದಿನಾ ಬಂದಾಳ ಅಂತ ಒತ್ತತಿದ್ದೆ?”

“ದಿನಾ.”

*

ಪ್ರಿಯಾ ವಾಚನಾಲಯದಲ್ಲಿದ್ದಳು. ಸಂತೆಗುಳಿಯ ಕಡೆಗೆ ಬಸ್ಸು ತಡ, ಹಾಗಾಗಿ ಅಲ್ಲಿಯೇ ಕೂತು ಓದುವುದು ಅವಳ ಪದ್ಧತಿ. ಪುಸ್ತಕ ತೆರೆದಿತ್ತು, ಕಣ್ಣು ಮೊಬೈಲಿನಲ್ಲಿತ್ತು. ಯಾರಿಗೋ ಕರೆ ಹಚ್ಚುವುದು, ಕಿವಿಗಿಡುವುದು, ಇಳಿಸುವುದು. ಮತ್ತೆ ಅದೇ.

ಮಾಲತಿ ಹಿಂದಿನಿಂದ ಬಂದು, ಬೆನ್ನು ತಿರುಗಿಸಿ ಕಪಾಟಿನ ಗಾಜಿನ ಮೇಲೆ ಬೆರಳಿನಿಂದ ಲೆಕ್ಕ ಬರೆಯುತ್ತ, ಶಿವಲಿಂಗ ಸರ್ ದನಿಯಲ್ಲಿ ಕರೆದಳು.

“ಸುಚಿತಾ ಖಾರ್ವಿ…”

“ಇಲ್ಲೆ,” ಎಂದಿತು ಪ್ರಿಯಾಳ ಬಾಯಿ, ಪ್ರಿಯಾಳನ್ನು ಕೇಳದೆ.

ಆಮೇಲೆ ಅವಳು ತಿರುಗಿ ನೋಡಿದಳು. ಎದ್ದು ನಿಂತಳು. ಮೊಬೈಲು ಪುಸ್ತಕದ ಕೆಳಗೆ ಹೋಯಿತು.

“ಪ್ರಾಕ್ಸಿ ಹಾಕುದು ಎಷ್ಟು ದಿವಸದಿಂದ?” ಮಾಲತಿ ಈಗ ತನ್ನ ದನಿಗೆ ಬಂದಿದ್ದಳು.

“ಪ್ರಾಕ್ಸಿ ಅಲ್ಲ ಅಕ್ಕೋರೆ. ಆನು ಸುಳ್ಳು ಹೇಳಿದ್ನಿಲ್ಲೆ.” ಗಾಬರಿಯಲ್ಲಿ ಅವಳ ಮನೆಮಾತು ಮುಂದೆ ಬಂತು. “ಇಲ್ಲೆ ಅಂದ್ರೆ ಇಲ್ಲೆ. ಇಡೀ ಕ್ಲಾಸಿಗೇ ಗೊತ್ತಿದ್ದು. ಸರಿಗೆ ಒಬ್ಬರಿಗೇ ಗೊತ್ತಿಲ್ಲೆ.”

“ಸುಳ್ಳು ಹೇಳ್ಲಿಲ್ಲ. ಸರಿ. ಸುಳ್ಳು ಕೇಳಿಸಿಕೊಳ್ಳುಕೆ ಬಿಟ್ಟೆ.”

ಪ್ರಿಯಾ ಮೆಲ್ಲಗೆ ಮತ್ತೆ ಕೂತಳು.

“ಮೊದಲ ದಿನ ಎಂತ ಆತು ಹೇಳು.”

“ಚೌತಿ ಕಳೆದು ಕ್ಲಾಸು ಶುರುವಾದ ದಿನ. ಸುಚಿತಾ ಬರಲಿಲ್ಲ. ಸರ್ ಹೆಸರು ಕರೆದ್ರು, ನನ್ನ ಬಾಯಿಂದ ಇಲ್ಲೆ ಅಂತ ಬಂತು. ನಿಜವಾಗಿ ಬಾಯ್ತಪ್ಪಿ. ಸಂಜೆ ಅವಳೇ ಫೋನ್ ಮಾಡಿ ನಗ್ತಾಳೆ. ‘ಅಮ್ಮಂಗೆ ಹಾಜರಿ ಮೆಸೇಜು ಹೋಗದೆ ಮಾರಾಯ್ತಿ, ನೀ ಎಂತ ಮಾಡ್ದೆ?’ ಅಂತ. ನಂಗೂ ನಗು ಬಂತು. ಮರುದಿನ ಅವಳು, ‘ಇವತ್ತೂ ಹಂಗೇ ಹೇಳು’ ಅಂದ್ಲು.”

“ಮರುದಿನ ಎಲ್ಲಿದ್ಲು?”

ಪ್ರಿಯಾ ಪುಸ್ತಕದ ಮೂಲೆ ಮಡಚಿದಳು, ಬಿಡಿಸಿದಳು.

“ಹೊರಗೆ ಮೆಟ್ಟಿಲ ಮೇಲೆ ಅವಳ ಅಮ್ಮ ಕೂತಿದ್ದಾರೆ,” ಎಂದಳು ಮಾಲತಿ. “ನೀನು ನಂಗೆ ಹೇಳೂದು ಬೇಡ. ಹೋಗಿ ಅವರಿಗೇ ಹೇಳು. ನಿನ್ನ ಮನೆ ಮಾತಲ್ಲೇ ಹೇಳು, ಅರ್ಥ ಆಗ್ತದೆ ಅವರಿಗೆ.”

ಹುಡುಗಿಯ ಕಣ್ಣು ತುಂಬಿತು. “ಸುಚಿತಾ ಭಟ್ಕಳಕ್ಕೆ ಹೋಗ್ತಿತ್ತು.”

“ಭಟ್ಕಳದಲ್ಲಿ ಎಂತ ಉಂಟು?”

“ನಮ್ಮದೇ ಬ್ರಾಂಚು. ಅಲ್ಲಿ ಅದಕ್ಕೆ ಕೆಲಸ.”

“ಎಂತ ಕೆಲಸ?”

ಪ್ರಿಯಾ ಅಳುವಿನ ನಡುವೆಯೇ ಒಂದು ಚೂರು ನಕ್ಕಳು. “ನಿಮ್ಮದೇ. ಕ್ಲಾಸಿಗೆ ಬರದೇ ಇದ್ದವರ ಮನೆಗೆ ಫೋನ್ ಮಾಡೂದು.”

ಮಾಲತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸುಚಿತಾ ತಾನೇ ಹೊನ್ನಾವರದಲ್ಲಿ ಗೈರು, ಭಟ್ಕಳದಲ್ಲಿ ಕೂತು ಊರವರ ಮಕ್ಕಳ ಗೈರನ್ನು ವಿಚಾರಿಸುತ್ತಾಳೆ. ನದಿಗೆ ಬಲೆ ಹಾಕುವವಳೇ ಬಲೆಯ ತೂತಿನಿಂದ ಪಾರಾದ ಮೀನು.

“ಅದಕ್ಕೆ ಕೊಂಕಣಿ ಬತ್ತು, ಭಟ್ಕಳದವರ ನವಾಯತಿ ಮಾತು ಅರ್ಥ ಆಗ್ತು, ಉರ್ದುವೂ ಮಾತಾಡ್ತು. ಮನೆಯವರು ಫೋನ್ ಎತ್ತಿ ಇದರ ಹತ್ರ ಎಲ್ಲಾ ಹೇಳ್ತರಡ. ಅಮ್ಮಂಗೆ ಮಗಳು ಡಾಕ್ಟರ್ ಆಗವು ಹೇಳಿ ಆಸೆ. ಒಂದ್ಸಲ ಪರೀಕ್ಷೆ ಬರೆದಾತು, ಆಗಲಿಲ್ಲ. ಎರಡನೇ ಸಲ ಕೂತು ಓದುಕೆ ಅದಕ್ಕೆ ಮನಸ್ಸಿಲ್ಲೆ. ಅಮ್ಮನ ಎದುರು ಹೇಳುಕೆ ಧೈರ್ಯವೂ ಇಲ್ಲೆ.”

“ದಿನಾ ಹೋಗಿ ಬರುವವಳು ಆದಿತ್ಯವಾರದಿಂದ ಮನೆಗೆ ಯಾಕೆ ಹೋಗ್ಲಿಲ್ಲ?”

“ಕ್ಲಾಸಿಗೆ ಬರದವರ ಮನೆಯವರು ಫೋನಿಗೆ ಸಿಗೂದು ಸಂಜೆ ಮೇಲೆ. ಕೆಲಸ ಮುಗಿದಾಗ ಮಂಕಿಗೆ ಬಸ್ಸು ಇರ್ತಿಲ್ಲೆ. ಅಲ್ಲೇ ಹುಡುಗಿಯರ ಹಾಸ್ಟೆಲಲ್ಲಿ ಉಳಿತೆ ಅಂದಿತ್ತು. ನಿತ್ಯ ನಂಗೆ ಫೋನ್ ಮಾಡ್ತಿತ್ತು ಅಕ್ಕೋರೆ. ನಿನ್ನೆ ಸಂಜೆಯಿಂದ ಇಲ್ಲೆ. ಹಾಸ್ಟೆಲಿಗೂ ಹೋಗಲಿಲ್ಲ, ಅಲ್ಲಿಯ ಹುಡುಗಿಯರು ಹೇಳ್ತ. ಇವತ್ತು ಬೆಳಿಗ್ಗೆ ಹೆಸರು ಕರೆದಾಗ ಇಲ್ಲೆ ಅಂದೆ. ಇವತ್ತಾದರೂ ಸರಿಗೆ ಅರ್ಥ ಆಗಲಿ ಅನ್ನಿಸ್ತು.”

“ಜೋರಾಗಿ ‘ಬಂದಿಲ್ಲ’ ಅಂತ ಹೇಳಬೇಕಿತ್ತು.”

“ಹೌದು,” ಎಂದಳು ಪ್ರಿಯಾ. ಆ ‘ಹೌದು’ ಯಾವ ಊರಿನಲ್ಲಿ ಕೇಳಿದರೂ ಹೌದೇ ಆಗಿತ್ತು.

*

ಭಟ್ಕಳ ಶಾಖೆಯನ್ನು ನೋಡಿಕೊಳ್ಳುವವನು ಮೋಹನ. ಒಳ್ಳೆಯವನು, ಆದರೆ ಬಾಯಿಗೆ ಬೀಗ. ಒಂದು ಶಾಖೆಯ ಸುದ್ದಿ ಇನ್ನೊಂದಕ್ಕೆ ಹೋಗಕೂಡದು, ಏನಿದ್ದರೂ ಯಜಮಾನರಿಗೆ ಮಾತ್ರ ಎಂದು ನಾಗಪತಿ ಮಾಸ್ತರೇ ಹಾಕಿಕೊಟ್ಟ ಬೀಗ. ಮಾಲತಿ ಹಿಂದೆ ಎರಡು ಸಲ ತಟ್ಟಿ ನೋಡಿದ್ದಳು. ‘ಸರ್ ಹತ್ರ ಕೇಳಿ’ ಎಂಬುದರ ಆಚೆ ಒಂದಕ್ಷರ ಬಂದಿರಲಿಲ್ಲ.

ಮಾಸ್ತರನ್ನೇ ಕರೆದು ಫೋನ್ ಮಾಡಿಸಬಹುದಿತ್ತು. ಆದರೆ ಅವರು ಮೊದಲು 'ಅರ್ಥಾತ್' ಶುರು ಮಾಡುತ್ತಾರೆ, ಆಮೇಲೆ ತಮ್ಮ ಸಂಸ್ಥೆಯ ಹೆಸರನ್ನು ಕಾಪಾಡುತ್ತಾರೆ, ಹುಡುಗಿ ಬರುವುದು ಮೂರನೆಯದಾಗಿ. ಸೋಮಿ ಮೆಟ್ಟಿಲ ಮೇಲಿಂದ ಏಳುವ ಮೊದಲು ಉತ್ತರ ಬೇಕಿತ್ತು.

ಆಫೀಸಿನ ಫೋನಿನ ರಿಸೀವರ್ ಹಾಳಾಗಿ ಬಹುಕಾಲವಾಗಿತ್ತು. ಸ್ಪೀಕರ್ ಒತ್ತಿದರೆ ಮಾತ್ರ ಕೇಳುತ್ತದೆ. ಮಾಲತಿ ಅದನ್ನೇ ಒತ್ತಿದಳು. ಪ್ರಿಯಾ ಪಕ್ಕದಲ್ಲಿ ನಿಂತಳು. ಕುತೂಹಲ ತಡೆಯದೆ ಶಿವಲಿಂಗ ಸರ್ ಡಬ್ಬಿ ಹಿಡಿದುಕೊಂಡೇ ಬಂದಿದ್ದರು.

ಒಂದು ಸಲ ಕೆಮ್ಮು. ಗಂಟಲಿನ ಬುಡದಿಂದ, ಪಾನ್ ತಿಂದವರ ಕೆಮ್ಮು. ಶಿವಲಿಂಗ ಸರ್ ಬೆಚ್ಚಿ ಬಾಗಿಲ ಕಡೆ ನೋಡಿದರು, ಯಜಮಾನರು ಬಂದರೆಂದು.

“ಮೋಹನಾ.”

“ಹ್ಞಾಂ ಸರ್, ಹೇಳಿ ಸರ್.”

“ಆ ಫೋನ್ ಮಾಡುವ ಹುಡುಗಿ, ಅರ್ಥಾತ್, ಹೊಸಬಳು…”

“ಸುಚಿತಾ ಸರ್?”

“ಅವಳೇ. ಇವತ್ತು ಬಂದಳಾ?”

ಆಚೆ ಕಡೆ ಭಟ್ಕಳದ ಪೇಟೆಯ ರಿಕ್ಷಾ ಹಾರ್ನ್ ಕೇಳಿಸಿತು.

“ಸರ್, ಹೆಂಗೆ ಬತ್ತಾಳೆ? ನಿನ್ನೆ ನೀವೇ ಕಳ್ಸುಕೆ ಹೇಳಿದ್ರಲ್ಲ.”

ಮಾಲತಿಯ ಗಂಟಲಲ್ಲಿ ನಾಗಪತಿ ಮಾಸ್ತರು ಒಂದು ಕ್ಷಣ ಕಾಲು ಜಾರಿದರು. ಮತ್ತೆ ಕೆಮ್ಮಿ ಅವರನ್ನು ಎತ್ತಿ ನಿಲ್ಲಿಸಿದಳು.

“ಹೌದು. ಅರ್ಥಾತ್, ನಾನು ಎಂತ ಹೇಳಿದ್ದೆ, ನೀನು ಎಂತ ಕೇಳ್ಕಂಡೆ, ಸರಿಯಾಗಿ ಹೇಳು ನೋಡ್ವ.”

“ಹುಡುಗಿಯನ್ನ ಹೊನ್ನಾವರಕ್ಕೆ ಬದ್ಲಿ ಮಾಡಿದ್ದೆ, ಕೆಳಗೆ ಜನ ಬತ್ತಾರೆ, ಅವರ ಸಂಗ್ತಿಗೆ ಕಳ್ಸು ಅಂದ್ರಿ. ಸಂಜೆಯ ಮಗ್ರಿಬ್ ಆಜಾನ್ ಆಗ್ತಾ ಇತ್ತು ಸರ್ ಆವಾಗ. ನಾ ಕಳ್ಸಿದೆ. ಅವಳೂ ಖುಷಿಯಲ್ಲಿ ಹೋದ್ಲು. ಅಮ್ಮಂಗೆ ಎಲ್ಲಾ ಹೇಳಿಬಿಡ್ತೆ ಇವತ್ತು ಅಂದ್ಲು.”

“ಯಾರ ಸಂಗ್ತಿಗೆ ಹೋದ್ಲು? ಕಂಡ್ಯಾ?”

“ಮೇಲಿಂದ ಕಂಡೆ ಸರ್. ಒಬ್ಬಳು ಹೆಂಗಸು, ಸ್ಕೂಟಿ. ಹೆಲ್ಮೆಟ್ ಹಾಕಿದ್ಲು, ಮುಖ ಕಾಣ್ಲಿಲ್ಲ.”

ಪ್ರಿಯಾ ಮೇಜಿನ ಅಂಚು ಹಿಡಿದುಕೊಂಡಳು. ಬಾಗಿಲಲ್ಲಿ ನೆರಳಾಯಿತು. ಚಾದ ಲೋಟ ಹಿಡಿದ ಸೋಮಿ, ಅವಳ ಹಿಂದೆ ನಾಗಪತಿ ಮಾಸ್ತರು. ತಮ್ಮದೇ ದನಿ ತಮ್ಮ ಆಫೀಸಿನಿಂದ ಬರುವುದು ಕೇಳಿ ಹತ್ತಿ ಬಂದವರು. ಬಾಯಿ ತೆರೆದಿತ್ತು, ಅರ್ಥಾತ್ ಬರುತ್ತಿರಲಿಲ್ಲ.

ನಿಲ್ಲಿಸುವ ಹಾಗಿರಲಿಲ್ಲ. ಮಾಲತಿ ಅವರ ಕಣ್ಣೆದುರೇ ಅವರ ದನಿಯಲ್ಲಿ ಕೇಳಿದಳು.

“ಮೋಹನಾ, ಹುಡುಗಿಯನ್ನ ಕೆಲಸಕ್ಕೆ ತಕಂಡದ್ದು ಯಾರು?”

“ಎಂತ ಸರ್ ಇದು, ಪರೀಕ್ಷೆ ಮಾಡ್ತ್ರಾ? ನೀವೇ ಅಲ್ಲ? ಚೌತಿ ಮುಗ್ದ ಮೇಲೆ ಫೋನ್ ಮಾಡಿ, ಮಂಕಿ ಬದಿಯ ಒಂದು ಹುಡುಗಿಯನ್ನ ಕಳ್ಸ್ತೆ, ಇಟ್ಕೊ ಅಂದ್ರಿ. ಅದಾದ ಮೇಲೆ ನೀವು ಬ್ರಾಂಚಿನ ಬದಿಗೆ ಬರಲೇ ಇಲ್ಲ, ಎಲ್ಲಾ ಫೋನಲ್ಲೇ.”

“ಯಾವ ನಂಬರಿಂದ ಮಾಡಿದ್ದೆ ನಿನ್ನೆ?”

“ಇದೇ ಸರ್. ಈಗ ಮಾತಾಡ್ತಿದ್ರಲ್ಲ, ಈ ಆಫೀಸಿನ ನಂಬರಿಂದಲೇ. ನಿಮಗೆ ಹುಷಾರಿಲ್ವಾ ಸರ್?”

ಮಾಲತಿ ಫೋನ್ ಕಟ್ ಮಾಡಿದಳು.

ನಾಗಪತಿ ಮಾಸ್ತರು ಒಳಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. “ನಾ ಮೋಹನಂಗೆ ಫೋನ್ ಮಾಡ್ಲಿಲ್ಲ. ನಿನ್ನೆಯೂ ಇಲ್ಲ, ಚೌತಿಯಲ್ಲೂ ಇಲ್ಲ. ಈ ಹುಡುಗಿ ಅಲ್ಲಿ ಇತ್ತು ಅಂತಲೇ ನಂಗೆ ಗೊತ್ತಿಲ್ಲ. ನಿನ್ನೆ ಸಂಜೆ ನಾ ಕುಮಟಾದಲ್ಲಿ, ಪಾಲಕರ ಸಭೆ, ಊರೆಲ್ಲ ಕಂಡದೆ ನನ್ನ.”

“ಹಂಗಾದ್ರ ನಿಮ್ಮ ದನಿಯಾಗ ಮಾತಾಡಿದವರು ಯಾರ್ರೀ?” ಎಂದರು ಶಿವಲಿಂಗ ಸರ್. ಕೇಳಿ ಮುಗಿಸುವುದರೊಳಗೆ ಅವರ ಕಣ್ಣು ತಾನಾಗಿ ಮಾಲತಿಯ ಮೇಲೆ ಹೋಗಿ ನಿಂತಿತ್ತು.

ಪ್ರಿಯಾ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ಆಫೀಸಿನ ಕೀಲಿಕೈ,” ಎಂದರು ಮಾಸ್ತರು ಮೆಲ್ಲಗೆ, “ನನ್ನ ಬಿಟ್ರೆ ಒಬ್ಬರ ಹತ್ರ ಮಾತ್ರ ಇರೂದು.”

ಸೋಮಿ ಚಾದ ಲೋಟವನ್ನು ನೆಲದ ಮೇಲಿಟ್ಟಳು. ಬಾಗಿಲಿಗೆ ಅಡ್ಡವಾಗಿ ನಿಂತಳು. ದನಿ ಏರಲಿಲ್ಲ.

“ಅಕ್ಕೋರೆ, ಬೇರೆ ಎಂತದೂ ಬೇಡ ನಂಗೆ. ನಿನ್ನೆ ಸಂಜೆ ನೀವು ಎಲ್ಲಿದ್ರಿ, ಅಷ್ಟು ಹೇಳಿ.”

ಮೂರು ತಾಲೂಕಿನ ಯಾವ ದನಿ ಕೇಳಿದರೂ ಕೊಡಬಲ್ಲ ಮಾಲತಿಗೆ ಆಗ ತನ್ನದೊಂದು ದನಿ ಸಿಗಲಿಲ್ಲ. ಹೊನ್ನಾವರದಲ್ಲಿದ್ದೆ ಎಂದರೆ ಆ ಫೋನು ಮಾಡಿದವಳು ಅವಳು. ಭಟ್ಕಳದಲ್ಲಿದ್ದೆ ಎಂದರೆ ಸ್ಕೂಟಿಯಲ್ಲಿ ಬಂದವಳು ಅವಳು.

ನಿನ್ನೆ ಸಂಜೆ ಗೈರಾದ ಹುಡುಗನೊಬ್ಬನ ಮನೆ ಹುಡುಕಿಕೊಂಡು ಸ್ಕೂಟಿ ಹತ್ತಿದ್ದಳು. ಅವಳು ಇದ್ದದ್ದು ಭಟ್ಕಳದಲ್ಲಿ.